ಮತ್ತೊಮ್ಮೆ ಬರೆಯಬೇಕೆ? ಲೂಡೊ ದಾಳದೊಂದಿಗೆ ಒಂದು ಪಾಠ

2025ರ ಏಪ್ರಿಲ್ 8ರಂದು ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶ ಬಂತು. ಆಗ ನಾನು ಪಾರಿಶ್ವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಇಂಟರ್ನ್‌ಶಿಪ್‌ ಮುಗಿಯಲು ಕೆಲವೇ ದಿನ ಉಳಿದಿದ್ದವು. ಮರುದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಕ್ಕನನ್ನು ಸ್ಟಾಫ್ ರೂಮಿಗೆ ಕರೆತಂದಳು. ಎರಡು ವರ್ಷ ದಿನಾ ಬಸ್ಸಿನಲ್ಲಿ ಓಡಾಡಿ ಪಿಯು ವಿಜ್ಞಾನ ಓದಿದವಳು. ಭೌತಶಾಸ್ತ್ರ 80, ರಸಾಯನಶಾಸ್ತ್ರ 78, ಗಣಿತ 58.

"ಟೀಚರ್, ಎಕ್ಸಾಮ್-2 ಬರೀಲ್ಯೋ, ಸಿಇಟಿಗೆ ಓದ್ಲ್ಯೋ, ಇಲ್ಲಾ ಒಂದ್ ವರ್ಷ ಡ್ರಾಪ್ ತಗೊಂಡು ಎರಡೂ ಚಲೋ ಮಾಡ್ಲ್ಯೋ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ, ಪರೀಕ್ಷೆ-2 ಏಪ್ರಿಲ್ 24ರಿಂದ ಮೇ 8ರವರೆಗೆ, ಅದರ ನಡುವೆಯೇ ಮೇ 4ಕ್ಕೆ ನೀಟ್. ಮರುದಿನ ಮಹಾವೀರ ಜಯಂತಿಯ ರಜೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಊರಿನ ಪಿಯು ಮಕ್ಕಳನ್ನು ಶಾಲೆಯ ವರಾಂಡಕ್ಕೆ ಕರೆದೆ. ಹನ್ನೊಂದು ಜನ ಬಂದರು. ಪಾಠಯೋಜನೆಯ ಯಾವ ನಮೂನೆಗೂ ಹೊಂದದ ಆ ಪಾಠವನ್ನು ಇಲ್ಲಿ ವಿವರಿಸುತ್ತೇನೆ. ನಿಮ್ಮ ಅಭ್ಯಾಸ ಶಾಲೆಯಲ್ಲೂ ಈ ಪ್ರಶ್ನೆ ಕೇಳುವವರು ಸಿಗುತ್ತಾರೆ.

ಮೊದಲು ಲೂಡೊ ದಾಳ. ಒಂದು ಸಲ ಉರುಳಿಸಿದರೆ ಸರಾಸರಿ 3.5. ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು ಎಂದರೆ ಸರಾಸರಿ ಸುಮಾರು 4.47. ಮೂರು ಸಲಕ್ಕೆ 4.96. ಮಕ್ಕಳು ತಲಾ ಇಪ್ಪತ್ತು ಆಟ ಆಡಿ ಲೆಕ್ಕ ತೆಗೆದರು, ಹೆಚ್ಚುಕಡಿಮೆ ಅಲ್ಲಿಗೇ ಬಂತು. ಎರಡನೆಯ ಅವಕಾಶದಿಂದ ಸಿಗುವ ಲಾಭದ ಅರ್ಧದಷ್ಟೇ ಮೂರನೆಯದರಿಂದ ಸಿಗುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. ಪರೀಕ್ಷೆ ದಾಳವಲ್ಲ, ನಿಜ. ಆದರೆ ಓದಿದ್ದೇ ಬರುವುದು, ಬಿಟ್ಟದ್ದೇ ಬರುವುದು, ಅಂದು ಜ್ವರ ಬರುವುದು ಇವೆಲ್ಲ ಅದರೊಳಗಿನ ದಾಳವೇ.

ಈಗ ನಿಯಮ ಬದಲಿಸಿದೆ. ಎರಡನೇ ಸಲ ಉರುಳಿಸಬೇಕಾದರೆ ಮೊದಲನೆಯದನ್ನು ಬಿಟ್ಟುಕೊಡಬೇಕು. ಐದು ಬಿದ್ದಿದ್ದ ಹುಡುಗ ಕೂಡಲೇ "ಒಲ್ಲೆ" ಎಂದ. ಒಂದು ಬಿದ್ದಿದ್ದವಳು ಕೈ ಚಾಚಿದಳು. ಪಾಠದ ತಿರುಳು ಇಲ್ಲಿತ್ತು. ಪಿಯು ಪರೀಕ್ಷೆ ಮೊದಲ ಆಟದಂಥದ್ದು. 2024 ಮತ್ತು 2025ರಲ್ಲಿ ಮೂರು ಸಲ ನಡೆದಿದೆ, ಪ್ರತಿ ವಿಷಯದಲ್ಲೂ ಹೆಚ್ಚಿನ ಅಂಕವೇ ಉಳಿಯುತ್ತದೆ. ಜನವರಿ, ಏಪ್ರಿಲ್ ಎರಡು ಸುತ್ತುಗಳ ಜೆಇಇ ಮೇನ್ ಕೂಡ ಹಾಗೆಯೇ. ಡ್ರಾಪ್ ತೆಗೆದುಕೊಂಡು ಸಿಇಟಿ ಅಥವಾ ನೀಟ್ ಬರೆಯುವುದು ಎರಡನೇ ಆಟ. ಈ ವರ್ಷದ ರ‍್ಯಾಂಕ್ ಈ ವರ್ಷಕ್ಕೇ ಮುಗಿಯಿತು, ಸಿಗಬಹುದಾದ ಸೀಟೂ ಹೋಯಿತು. ಮುಂದಿನ ವರ್ಷ ಬಂದದ್ದೇ ಗತಿ. "ಮತ್ತೆ ಬರಿ" ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವಾಗ ಈ ಎರಡನ್ನೂ ಕಲಸಿಬಿಡುತ್ತೇವೆ. ಮೊದಲ ಸಲ ತೀರಾ ಕಡಿಮೆ ಬಂದವರಿಗೆ ಎರಡನೇ ಸಲ ಏನೂ ಕಲಿಯದೆಯೂ ತುಸು ಹೆಚ್ಚು ಬರುವ ಸಾಧ್ಯತೆ ಇರುತ್ತದೆ. ಆ ಹೆಚ್ಚಳದ ಕೀರ್ತಿಯೆಲ್ಲ ಲಾಂಗ್ ಟರ್ಮ್ ಕೋಚಿಂಗಿಗೆ ಸಲ್ಲುತ್ತದೆ.

ಇನ್ನು ತೂಕದ ಲೆಕ್ಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿಯು ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ತೂಕ. ಪಿಯು 300ಕ್ಕೆ, ಸಿಇಟಿ 180ಕ್ಕೆ. ಹಾಗಾಗಿ ಸಿಇಟಿಯ ಮೂರು ಸರಿ ಉತ್ತರ, ಪಿಯುವಿನ ಐದು ಅಂಕಕ್ಕೆ ಸಮ. ಇದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದಾಗ ಯಾರೂ ಮಾತಾಡಲಿಲ್ಲ. ಎರಡು ವರ್ಷ ಅದೇ ಪರೀಕ್ಷೆಗೆ ಓದಿದವರಿಗೂ ಯಾರೂ ಹೇಳಿರಲಿಲ್ಲವಂತೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬೇಡಿ ಎಂದೂ ಸೇರಿಸಿದೆ. ನೀಟ್‌ನಲ್ಲಿ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ.

ಅಕ್ಕನ ಲೆಕ್ಕ ಹೀಗಿತ್ತು. ಪಿಯು 216, ಅಂದರೆ ಶೇ. 72, ಅದರರ್ಧ 36. ಅಭ್ಯಾಸ ಪರೀಕ್ಷೆಗಳಲ್ಲಿ ಸಿಇಟಿಗೆ 75ರ ಆಸುಪಾಸು, ಅದರ ಪಾಲು 20.8. ಒಟ್ಟು 56.8. ಗಣಿತದ ಅಂಕ ಎಲ್ಲಿ ಹೋಯಿತು ಎಂದು ಕೇಳಿದೆ. ಇಂಟಿಗ್ರೇಷನ್ ಪಾಠವನ್ನು ಪೂರ್ತಿ ಬಿಟ್ಟಿದ್ದಳು. ನಾನು ಬಯಸಿದ ಉತ್ತರ ಇದೇ. ಕೈತಪ್ಪಿ ಹೋದ ಅಂಕ ಮರಳಿ ಬಂದೀತು, ಬಾರದಿರಬಹುದು. ಗೊತ್ತಿಲ್ಲದ್ದರಿಂದ ಹೋದ ಅಂಕಕ್ಕೆ ಓದುವ ದಾರಿ ಇದೆ. ಗಣಿತ ಒಂದಕ್ಕೇ ಪರೀಕ್ಷೆ-2 ಬರಿ, ಇಂಟಿಗ್ರೇಷನ್ ಓದಿದರೆ ಸಿಇಟಿಗೂ ಬರುತ್ತದೆ ಎಂದೆ. ಪರೀಕ್ಷೆ-2ರ ಅಂಕ ಯಾವ ದಿನದೊಳಗೆ ರ‍್ಯಾಂಕಿಗೆ ಸೇರುತ್ತದೆ ಎಂಬುದನ್ನು ಮಾತ್ರ ಕೆಇಎ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು, ಅವರಿವರ ಮಾತು ನಂಬಬಾರದು. ನೀಟ್ ಬರೆಯುವ ಹುಡುಗನೊಬ್ಬನಿಗೆ ಇದರ ಉಲ್ಟಾ ಹೇಳಿದೆ. ಅವನ ಪಿಯು ಅಂಕ ಅರ್ಹತೆಗೆ ಸಾಕಷ್ಟಿತ್ತು, ಮೆಡಿಕಲ್ ಸೀಟಿಗೆ ನೀಟ್ ಅಂಕವೇ ಮುಖ್ಯ. ಮೇ 4ರ ಆಚೀಚೆ ಇನ್ನೊಂದು ಪರೀಕ್ಷೆ ಏಕೆ?

ಡ್ರಾಪ್ ವಿಚಾರದಲ್ಲಿ ನಾನು ತಟಸ್ಥಳಲ್ಲ. ಪಿಯು ಮುಗಿದ ಮೇಲೆ ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಸಿಇಟಿ ಬರೆದವಳು ನಾನು. ಏಳು ಉತ್ತರ ಹೆಚ್ಚು ಸರಿಯಾದವು. ಆ ಏಳು ಉತ್ತರಕ್ಕೆ ತೆತ್ತದ್ದು ಒಂದು ವರ್ಷ, ಮತ್ತು ಮೊದಲ ಸಲ ಕೈಗೆ ಬಂದಿದ್ದ ಸೀಟು. ಕೊನೆಗೆ ಸೇರಿದ್ದು ಬಿಎಸ್ಸಿಗೆ.

ಆದರೆ ನನ್ನ ಲೆಕ್ಕದಲ್ಲಿ ಒಂದು ದೊಡ್ಡ ಅಂಶ ಬಿಟ್ಟುಹೋಗಿತ್ತು. ಮಾರನೇ ದಿನ ಅವಳ ತಂದೆ ಶಾಲೆಯ ಗೇಟಿನ ಹತ್ತಿರ ಸಿಕ್ಕರು. "ಅಕ್ಕೋರ, ವರ್ಷಗಟ್ಟಲೆ ಮನ್ಯಾಗ ಇಟ್ಕೊಂಡ್ರ ಓದಾಕ ಬಿಡ್ತಾರೇನ್ರಿ ಮಂದಿ? ಎರಡ ತಿಂಗಳಿಗೆ ಗಂಡಿನ ಕಡೆಯವ್ರು ಬಂದ್ ಕುಂದರ್ತಾರ." ಅವರು ಬೈಯುತ್ತಿರಲಿಲ್ಲ, ಹೆದರಿದ್ದರು. ಹುಡುಗನಿಗೆ ಡ್ರಾಪ್ ಅಂದರೆ ಒಂದು ವರ್ಷ, ಹುಡುಗಿಗೆ ಕೆಲವೊಮ್ಮೆ ಅದೇ ಓದಿನ ಕೊನೆ. ಪಿಯು ಅಂಕದ ಮೇಲೆ ಬಿಎಸ್ಸಿಗೂ ಅರ್ಜಿ ಹಾಕಿಡಿ, ಸೀಟು ಬರದಿದ್ದರೂ ಓದು ನಿಲ್ಲುವುದಿಲ್ಲ ಎಂದೆ. ತಲೆಯಾಡಿಸಿದರು.

ಪರೀಕ್ಷೆ-2ರಲ್ಲಿ ಅವಳಿಗೆ ಗಣಿತದಲ್ಲಿ 69 ಬಂತು. ಹನ್ನೊಂದು ಅಂಕ, ಅಂದರೆ ಸಿಇಟಿಯ ಆರೂವರೆ ಉತ್ತರ. ಅಂಕಪಟ್ಟಿಯ ಫೋಟೊ ಕಳಿಸಿದವಳು ತಂಗಿ. ಕೆಳಗೆ ಭಾಗಾಕಾರವನ್ನೂ ತಾನೇ ಮಾಡಿದ್ದಳು. ಮುಂದಿನ ತಂಡದವರು ಈ ಪಾಠ ಮಾಡುವುದಾದರೆ ಫೆಬ್ರವರಿಯಲ್ಲೇ ಮಾಡಿ, ತಂದೆತಾಯಿಯರನ್ನೂ ಕರೆಯಿರಿ. ದಾಳ ಹನ್ನೆರಡು ಸಾಕು.