ಒಮ್ಮೆ ಬರೆದಿಡಿ, ನೂರು ಬಾರಿ ಬಳಸಿ
ಗಣಕದಲ್ಲೂ ಮೊಬೈಲಿನಲ್ಲೂ ಬೆಳೆಗಾರರ ಸಮಯ ಉಳಿಸುವ ಬಗೆ

ಮದುವೆ ಮನೆಗೆ ಶುಭಾಶಯದ ತಂತಿ ಕಳುಹಿಸಿದ ನೆನಪು ನಮ್ಮ ಹಿರಿಯ ಸದಸ್ಯರಿಗೆ ಇನ್ನೂ ಇರಬಹುದು. ತಂತಿ ಕಚೇರಿಯಲ್ಲಿ ಸಿದ್ಧ ವಾಕ್ಯಗಳ ಒಂದು ಪಟ್ಟಿ ಇರುತ್ತಿತ್ತು. ಒಂದೊಂದು ವಾಕ್ಯಕ್ಕೆ ಒಂದೊಂದು ಅಂಕೆ. ಪೂರ್ತಿ ವಾಕ್ಯ ಬರೆಯಬೇಕಾಗಿರಲಿಲ್ಲ, ಅಂಕೆ ಬರೆದರೆ ಸಾಕಾಗುತ್ತಿತ್ತು. ತಂತಿಯ ಮೂಲಕ ಹೋಗುತ್ತಿದ್ದುದು ಆ ಅಂಕೆ ಮಾತ್ರ. ಆಚೆ ಕಡೆಯ ಕಚೇರಿಯವರು ಅದೇ ಪಟ್ಟಿ ನೋಡಿ ಪೂರ್ತಿ ವಾಕ್ಯವನ್ನು ಬರೆದು ಮನೆಗೆ ತಲುಪಿಸುತ್ತಿದ್ದರು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. ಆದರೆ ಆ ಉಪಾಯ ನಿಂತಿಲ್ಲ. ನಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ ಸಂಘದ ಮೇಜಿನ ಮೇಲಿರುವ ಗಣಕದಲ್ಲೂ ಅದು ಇದೆ. ಬಳಸಿಕೊಳ್ಳುವವರು ಮಾತ್ರ ಕಡಿಮೆ.

ತೋಟಗಾರನಿಗೆ ಬರವಣಿಗೆಯ ಕೆಲಸವೇನು ಎಂದು ಕೆಲವರು ಕೇಳಬಹುದು. ಒಂದು ವರ್ಷದ ಲೆಕ್ಕ ಹಾಕಿ ನೋಡಿ. ಬೆಳೆ ವಿಮೆಯ ಅರ್ಜಿ, ಸಾಲ ನವೀಕರಣದ ಪತ್ರ, ಪಹಣಿ ತಿದ್ದುಪಡಿಯ ಮನವಿ, ಪಂಪಿನ ವಿದ್ಯುತ್ ದೂರು, ಔಷಧಿ ಹೊಡೆಯುವವರಿಗೆ ಸಂದೇಶ, ಅಡಿಕೆ ಒಯ್ಯುವ ಗಾಡಿಯವರಿಗೆ ಮನೆಯ ದಾರಿ. ಪ್ರತಿ ಬಾರಿಯೂ ಅದೇ ಹೆಸರು, ಅದೇ ಮನೆ, ಅದೇ ಗ್ರಾಮ, ಅದೇ ಸರ್ವೆ ನಂಬರು. ಅಡಿಕೆ ಸುಲಿದು ಬೆರಳು ಒರಟಾದವನಿಗೆ ಮೊಬೈಲಿನ ಸಣ್ಣ ಕೀಲಿಗಳನ್ನು ಒತ್ತುವುದು ಗೊನೆ ಕೊಯ್ದಷ್ಟು ಸುಲಭವಲ್ಲ.

ಮೊದಲು ಕನ್ನಡ

ಗಣಕದಲ್ಲಿ ಕನ್ನಡ ಬರೆಯುವುದು ಕಷ್ಟವೆಂಬ ಮಾತು ಈಗ ಹಳೆಯದಾಯಿತು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವೆಲ್ಲವೂ ಮೂಡುವ ವಿನ್ಯಾಸವನ್ನು ರೂಪಿಸಿದರು. ಸರಕಾರವೂ ಅದನ್ನು ಒಪ್ಪಿಕೊಂಡಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ನಡೆಯುವುದು ಅದೇ ವಿನ್ಯಾಸದಲ್ಲಿ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ವೂ ಮನೆಮಾತಾಯಿತು. ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಅಡಿಕೆ’ ಎಂದು ಬರೆಯಲು ಎ, ಡಬ್ಲ್ಯು, ಐ, ಕೆ, ಇ ಎಂಬ ಐದೇ ಕೀಲಿಗಳು ಸಾಕು.

ಒಂದು ಎಚ್ಚರಿಕೆ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತವನ್ನು ಮೊಬೈಲಿಗೆ ಕಳುಹಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದುದರಿಂದ ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಬೇಕು. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಸಿಗುತ್ತವೆ.

ಚುಟುಕು ಪದದ ಉಪಾಯ

ಇನ್ನು ಮುಖ್ಯ ವಿಷಯ. ಆಂಡ್ರಾಯ್ಡ್ ಮೊಬೈಲಿನ ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ‘ಡಿಕ್ಷನರಿ’, ಅದರೊಳಗೆ ‘ಪರ್ಸನಲ್ ಡಿಕ್ಷನರಿ’ ಎಂಬುದಿದೆ. ಅಲ್ಲಿ ಕನ್ನಡವನ್ನು ಆರಿಸಿ ನಿಮ್ಮ ಪೂರ್ಣ ವಿಳಾಸವನ್ನು ಒಮ್ಮೆ ಬರೆಯಿರಿ. ಕೆಳಗಿನ ಸಾಲಿನಲ್ಲಿ ಚುಟುಕು ಪದವಾಗಿ ‘ವಿಳವಿಳ’ ಎಂದು ಕೊಡಿ. ಮುಂದೆ ಎಲ್ಲಿಯೇ ಆಗಲಿ ‘ವಿಳವಿಳ’ ಎಂದು ಬರೆದ ಕೂಡಲೇ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಪೂರ್ಣ ವಿಳಾಸ ತೋರುತ್ತದೆ; ಬೆರಳು ಮುಟ್ಟಿಸಿದರೆ ಆಯಿತು.

ಸಂಘದ ಗಣಕದಲ್ಲಿ ಲಿಬ್ರೆ ಆಫೀಸ್ ಇದ್ದರೆ (ಅದಕ್ಕೆ ಹಣ ಕೊಡಬೇಕಾಗಿಲ್ಲ) ಅದರ ‘ಆಟೋಟೆಕ್ಸ್ಟ್’ ಇದೇ ಕೆಲಸ ಮಾಡುತ್ತದೆ. ಪತ್ರದ ಭಾಗವನ್ನು ಆರಿಸಿ, ಕಂಟ್ರೋಲ್ ಮತ್ತು ಎಫ್3 ಕೀಲಿಗಳನ್ನು ಒತ್ತಿ, ಹೆಸರು ಕೊಟ್ಟು ಉಳಿಸಬೇಕು. ಬೇಕಾದಾಗ ಚುಟುಕು ಪದ ಬರೆದು ಎಫ್3 ಒತ್ತಿದರೆ ಇಡೀ ಪತ್ರವೇ ಬಂದು ಕೂರುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ‘ಆಟೋಕರೆಕ್ಟ್’ ಎಂಬ ಪಟ್ಟಿಯಲ್ಲಿ ಹೀಗೆಯೇ ಸೇರಿಸಿಡಬಹುದು.

ಚುಟುಕು ಪದ ಆರಿಸುವಾಗ ದಿನಬಳಕೆಯ ಮಾತು ಬೇಡ. ‘ಅಡಿಕೆ’ ಎಂಬುದನ್ನೇ ಚುಟುಕು ಪದ ಮಾಡಿದರೆ ಅಡಿಕೆ ಎಂದು ಬರೆದಾಗಲೆಲ್ಲ ವಿಳಾಸ ಬಂದು ಎದುರು ನಿಲ್ಲುತ್ತದೆ. ಬ್ಯಾಂಕಿನ ಗುಪ್ತಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಹೀಗೆ ಸೇರಿಸಿಡುವುದೂ ಬೇಡ. ಮೊಬೈಲು ಮಕ್ಕಳ ಕೈಗೂ ಹೋಗುತ್ತದೆ, ದುರಸ್ತಿಯ ಅಂಗಡಿಗೂ ಹೋಗುತ್ತದೆ.

ಕಲಿಯಲೇಬೇಕಾದ ಐದು ಕೀಲಿಗಳು

ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟಿಸುವುದು, ಝಡ್ ಒತ್ತಿದರೆ ಮಾಡಿದ್ದನ್ನು ಹಿಂದೆಗೆಯುವುದು, ಎಫ್ ಒತ್ತಿದರೆ ಹುಡುಕುವುದು, ಎಸ್ ಒತ್ತಿದರೆ ಉಳಿಸುವುದು. ಕತ್ತರಿಸಿ ಅಂಟಿಸುವ ಈ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಅವರ ಸಂಗಡಿಗರು ರೂಢಿಗೆ ತಂದರು. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ನಮ್ಮ ಮಳೆಗಾಲದಲ್ಲಿ ಐದರಲ್ಲಿ ಎಸ್ ಕೀಲಿಯೇ ದೊಡ್ಡದು. ಪ್ರತಿ ಕೆಲವು ಸಾಲಿಗೊಮ್ಮೆ ಒತ್ತುವ ಅಭ್ಯಾಸ ಇಟ್ಟುಕೊಳ್ಳಿ.

ಸದಸ್ಯರ ಹೆಸರು, ಗ್ರಾಮಗಳ ಪಟ್ಟಿ ಒಮ್ಮೆ ಸಿದ್ಧವಿದ್ದರೆ ಸಭೆಯ ನೋಟೀಸನ್ನು ಪ್ರತಿಯೊಬ್ಬರ ಹೆಸರಿಗೆ ತಾನೇ ತಯಾರಿಸುವ ‘ಮೇಲ್ ಮರ್ಜ್’ ಎಂಬ ಸೌಲಭ್ಯವೂ ಇದೆ. ಚಾಲಿ, ಪಟೋರ, ಉಳ್ಳಿ, ಕರಿಗೋಟುಗಳ ತೂಕ ಮತ್ತು ದರವನ್ನು ಲೆಕ್ಕದ ಹಾಳೆಯಲ್ಲಿ ತುಂಬಿದರೆ ಗುಣಾಕಾರ, ಕೂಡಿಕೆಗಳೆಲ್ಲ ಅದರದ್ದೇ. ಘಟ್ಟದ ಮೇಲಿನ ನಮ್ಮ ಕಾಫಿ ಬೆಳೆಗಾರರು ಕೂಲಿಯ ಲೆಕ್ಕಕ್ಕೂ ಅದೇ ಹಾಳೆಯನ್ನು ಬಳಸಬಹುದು.

ತಪ್ಪೂ ನೂರಾಗುತ್ತದೆ

ಇಷ್ಟು ಹೊಗಳಿದ ಮೇಲೆ ನನ್ನದೇ ಒಂದು ಪ್ರಮಾದವನ್ನು ಹೇಳದಿದ್ದರೆ ಲೇಖನ ಪೂರ್ತಿಯಾಗದು. ಬೆಳೆ ವಿಮೆಯ ಕೊನೆಯ ದಿನ ಹತ್ತಿರ ಬಂದಿತ್ತು. ತಂಗಿಯ ಗಂಡ ಮನೆಗೆ ಬಂದು ಅರ್ಜಿ ಬರೆದುಕೊಡಲು ಕೇಳಿದರು. ನನ್ನ ಸಿದ್ಧ ಪತ್ರವನ್ನು ಒಂದು ಕೀಲಿಯಲ್ಲಿ ಕರೆದು, ಹೆಸರು ಬದಲಿಸಿ, ಎರಡೇ ನಿಮಿಷದಲ್ಲಿ ಮುದ್ರಿಸಿ ಕೊಟ್ಟು ಜಂಬದಿಂದ ಕುಳಿತೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

“ಹ್ವಾಯ್ ಭಾವ, ಈ ಸರ್ವೆ ನಂಬ್ರ ನಿಮ್ದಲ್ದಾ?” ಎಂದರು.

ಹೌದು, ನನ್ನದೇ. ಹೆಸರು ಅವರದು, ಜಮೀನು ನನ್ನದು! ಅವರು ಓದದೆ ಸಹಿ ಹಾಕಿ ಕೊಟ್ಟಿದ್ದರೆ ಆ ವರ್ಷದ ವಿಮೆಯ ಗತಿ ಏನಾಗುತ್ತಿತ್ತೋ. ಕೈಯಿಂದ ಬರೆಯುವಾಗ ಪ್ರತಿ ಅಕ್ಷರವನ್ನೂ ನಾವು ನೋಡುತ್ತೇವೆ. ಸಿದ್ಧ ಪತ್ರದಲ್ಲಿ ಕಣ್ಣು ಜಾರಿಹೋಗುತ್ತದೆ. ಅಂದಿನಿಂದ ನನ್ನ ಸಿದ್ಧ ಪತ್ರದಲ್ಲಿ ಹೆಸರು, ಸರ್ವೆ ನಂಬರು, ತಾರೀಕುಗಳ ಜಾಗದಲ್ಲಿ ‘ಇಲ್ಲಿ ತುಂಬಿ’ ಎಂದಷ್ಟೇ ಇದೆ. ಬದಲಾಗದ ಮಾತು ಮಾತ್ರ ಸಿದ್ಧವಾಗಿರಲಿ, ಬದಲಾಗುವುದು ಖಾಲಿಯಾಗಿರಲಿ.

ಔಷಧಿಯ ಪ್ರಮಾಣದಲ್ಲಿ ಈ ಮಾತು ಇನ್ನೂ ಮುಖ್ಯ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು ಒಟ್ಟು 100 ಲೀಟರ್. ಇದನ್ನು ಚುಟುಕು ಪದವಾಗಿಸಿ ಸದಸ್ಯರಿಗೆಲ್ಲ ಕಳುಹಿಸುವುದು ಒಳ್ಳೆಯದೇ. ಆದರೆ ಮೊದಲ ಸಲ ಬರೆಯುವಾಗ 100ರ ಒಂದು ಸೊನ್ನೆ ಬಿಟ್ಟುಹೋದರೆ ಆ ತಪ್ಪು ನೂರು ತೋಟಗಳಿಗೆ ಹೋಗುತ್ತದೆ. ಇಂಥ ಸಂದೇಶವನ್ನು ಉಳಿಸುವ ಮೊದಲು ಇಬ್ಬರು ಓದಬೇಕು. ಅನುಮಾನವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬೇಕು.

ಹೊಸ ತಾಲೂಕು, ಹಳೆಯ ಕಡತ

ಸಿದ್ಧ ಪತ್ರಕ್ಕೂ ವಯಸ್ಸಾಗುತ್ತದೆ. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಕೊಲ್ಲೂರಿನವರು ಇಂದು ಬೈಂದೂರು ತಾಲೂಕಿನವರು, ಕೋಟದವರು ಬ್ರಹ್ಮಾವರ ತಾಲೂಕಿನವರು. ಅದಕ್ಕೂ ಮುಂಚೆ ಉಳಿಸಿದ ವಿಳಾಸದಲ್ಲಿ ಕುಂದಾಪುರ ತಾಲೂಕು, ಉಡುಪಿ ತಾಲೂಕು ಎಂದೇ ಇದ್ದರೆ ಇಂದೇ ತಿದ್ದಿ.

ತಿದ್ದುವಾಗಲೂ ಆತುರ ಬೇಡ. ‘ಹುಡುಕಿ ಬದಲಿಸು’ ಎಂಬ ಸೌಲಭ್ಯದಲ್ಲಿ ‘ಕುಂದಾಪುರ’ ಇದ್ದಲ್ಲೆಲ್ಲ ‘ಬೈಂದೂರು’ ಮಾಡಿ ಎಂದರೆ ಗಣಕ ಹೇಳಿದಂತೆ ಮಾಡುತ್ತದೆ: ‘ಕುಂದಾಪುರ ಉಪವಿಭಾಗ’ವೂ ‘ಬೈಂದೂರು ಉಪವಿಭಾಗ’ವಾಗುತ್ತದೆ, ‘ಕುಂದಾಪುರದ’ ಎಂಬುದು ‘ಬೈಂದೂರುದ’ ಆಗುತ್ತದೆ! ನಮ್ಮ ಭಾಷೆಯಲ್ಲಿ ಊರಿನ ಹೆಸರಿಗೆ ಪ್ರತ್ಯಯ ಅಂಟಿಕೊಳ್ಳುತ್ತದೆಂಬುದು ಗಣಕಕ್ಕೆ ತಿಳಿಯದು. ಆದುದರಿಂದ ‘ಕುಂದಾಪುರ ತಾಲೂಕು’ ಎಂದು ಪೂರ್ತಿ ಕೊಟ್ಟು, ಒಂದೊಂದನ್ನೇ ನೋಡಿ ಬದಲಿಸಿ.

ಮಳೆಗಾಲಕ್ಕೆ ಮುಂಚೆ

ಬೆಳೆಗಾರ ಬಾಂಧವರೇ, ಇದಕ್ಕೆ ಗಣಕ ಪಂಡಿತರಾಗಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಚುಟುಕು ಪದಗಳನ್ನು ಮಾಡಿ: ಮನೆಯ ವಿಳಾಸ, ಮನೆಗೆ ಬರುವ ದಾರಿ, ಬೋರ್ಡೋ ಪ್ರಮಾಣ. ಅವನ್ನು ಒಂದು ನೋಟುಪುಸ್ತಕದಲ್ಲೂ ಬರೆದಿಡಿ. ಮೊಬೈಲು ನೀರಿಗೆ ಬಿದ್ದರೂ ಪುಸ್ತಕ ಇರುತ್ತದೆ. ಮೂರು ಅಭ್ಯಾಸವಾದ ಮೇಲೆ ನಾಲ್ಕನೆಯದು ತಾನಾಗಿ ಹೊಳೆಯುತ್ತದೆ.

ಉಳಿದ ಸಮಯದಲ್ಲಿ ಒಂದು ನಿಮಿಷವನ್ನು ಮಾತ್ರ ಕಾಗದಕ್ಕೇ ಹಿಂತಿರುಗಿಸಿ. ಸಹಿ ಹಾಕುವ ಮೊದಲು ನನ್ನ ಭಾವನ ಹಾಗೆ ಕನ್ನಡಕ ಏರಿಸಿ ಓದಿ.