ಇಪ್ಪತ್ತು ಲೀಟರಿನಲ್ಲಿ ಮಂದ್ರ

ಏಳು ಜನ ಕೂರುವ ಇನ್ನೋವಾದ ಹಿಂಬಾಗಿಲು ತೆರೆದರೆ ಮೂರನೇ ಸಾಲಿನ ಸೀಟಿಗೂ ಬಾಗಿಲಿಗೂ ನಡುವೆ ಉಳಿದಿರುವುದು ಕಿರಿದಾದ ಒಂದು ಪಟ್ಟಿ. ಧರ್ಮಸ್ಥಳಕ್ಕೋ ಮದುವೆ ಮನೆಗೋ ಹೊರಟವರ ಬ್ಯಾಗು, ನೀರಿನ ಕ್ಯಾನು, ಊಟದ ಡಬ್ಬಿ ಎಲ್ಲವೂ ಅಲ್ಲೇ ಸೇರಬೇಕು. ಇಂಥ ಗಾಡಿಗೆ ಸಬ್‌ವೂಫರ್, ಅಂದರೆ ಕೆಳಗಿನ ಸ್ವರಗಳಿಗೇ ಮೀಸಲಾದ ಸ್ಪೀಕರ್, ಹಾಕಿಸಬೇಕೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲಿಗೆ ಹೋದರೆ ಕಣ್ಣಿಗೆ ಮೊದಲು ಬೀಳುವುದು 12 ಇಂಚಿನ ಸ್ಪೀಕರ್ ಕೂರಿಸಿದ, ಮುಂದೆ ತೂತು ಬಿಟ್ಟ ದೊಡ್ಡ ರೆಡಿಮೇಡ್ ಬಾಕ್ಸು. ಅದನ್ನು ಇಟ್ಟರೆ ಡಿಕ್ಕಿ ತುಂಬಿತು. ಕುಟುಂಬದ ಗಾಡಿಗೆ ಅದು ಬೇಕಾಗಿಲ್ಲ. 10 ಇಂಚಿನ ಒಂದು ಸ್ಪೀಕರು, ಸುಮಾರು 20 ಲೀಟರಿನ, ಎಲ್ಲ ಕಡೆಯೂ ಮುಚ್ಚಿದ ಪೆಟ್ಟಿಗೆ ಸಾಕು. ಮಿಕ್ಕ ಕೆಲಸವನ್ನು ಗಾಡಿಯ ಕ್ಯಾಬಿನ್ನೇ ಮಾಡುತ್ತದೆ.

ಬಾಗಿಲಲ್ಲಿರುವ ಸ್ಪೀಕರುಗಳಿಂದಲೇ ಏಕೆ ಆಗುವುದಿಲ್ಲ ಎಂದು ಮನೆಯವರು ಕೇಳುವುದು ನ್ಯಾಯವೇ. ಒಂದೇ ಮಟ್ಟದ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಲು ಸ್ಪೀಕರು ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. 80 ಹರ್ಟ್ಸ್‌ನಲ್ಲಿ ಸ್ಪೀಕರಿನ ಹಿಂದುಮುಂದಾಡುವ ಕೋನು 2 ಮಿಲಿಮೀಟರ್ ಆಡಿದರೆ 40 ಹರ್ಟ್ಸ್‌ನಲ್ಲಿ 8 ಮಿಲಿಮೀಟರ್ ಆಡಬೇಕು. ಆರೂವರೆ ಇಂಚಿನ ಬಾಗಿಲ ಸ್ಪೀಕರಿಗೆ ಅದು ಮೀರಿದ ಮಾತು. ಜೊತೆಗೆ ನಮ್ಮ ಕಿವಿಯೂ ಕೆಳಗಿನ ಸ್ವರಗಳಿಗೆ ಮಂದ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹೆದ್ದಾರಿಯಲ್ಲಿ ಟಯರಿನ ಮೊರೆತವೂ ಡೀಸೆಲ್ ಎಂಜಿನ್ನಿನ ಗುನುಗೂ ಅದೇ ಕೆಳಗಿನ ಪಟ್ಟಿಯನ್ನು ಆಕ್ರಮಿಸುತ್ತವೆ. ಕಛೇರಿಯ ಧ್ವನಿಮುದ್ರಣ ಹಾಕಿದರೆ ಪಿಟೀಲು ಕೇಳುತ್ತದೆ, ಮೃದಂಗದ ಬಲಗೈ ಕೇಳುತ್ತದೆ, ಎಡಗೈ ಕಾಣೆಯಾಗುತ್ತದೆ.

ಆ ಎಡಗೈಗಾಗಿಯೇ ಇಷ್ಟೆಲ್ಲ ಮಾಡುವುದು ಎಂದರೂ ನನಗೆ ಅಡ್ಡಿಯಿಲ್ಲ. ಮೃದಂಗದ ಕರಣೆ, ಅಂದರೆ ಚರ್ಮದ ನಡುವಿನ ಕಪ್ಪು ಲೇಪ, ಅದರ ಉಪಸ್ವರಗಳನ್ನು ಹೇಗೆ ಶ್ರುತಿಗೆ ಕೂಡಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿ ಮೊದಲು ವಿವರಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ಪೂರ್ಣ ಪ್ರಬಂಧವನ್ನೇ ಬರೆದರು. ಕರಣೆ ಇರುವುದು ಬಲಕ್ಕೆ. ಎಡಕ್ಕೆ ಕಛೇರಿಗೆ ಮುಂಚೆ ರವೆಯನ್ನು ಕಲಸಿ ಹಚ್ಚುತ್ತಾರೆ. ಆ ಭಾರಕ್ಕೆ ನಾದ ಕೆಳಗಿಳಿಯುತ್ತದೆ, ಅಂಗೈ ಒತ್ತಿದಂತೆ ಜಾರುತ್ತದೆ. ಒಳ್ಳೆಯ ಸಬ್‌ವೂಫರಿನಲ್ಲಿ ಆ ಜಾರು ಜಾರಾಗಿಯೇ ಕೇಳಬೇಕು. ಕೆಟ್ಟ ಪೆಟ್ಟಿಗೆಯಲ್ಲಿ ಮೃದಂಗದ ಎಡ, ತಬಲದ ಡಗ್ಗ, ಡೊಳ್ಳು ಎಲ್ಲವೂ ಒಂದೇ ‘ಧುಂ’ ಆಗಿಬಿಡುತ್ತವೆ. ಹಾಗೆ ಮಾಡುವುದು ಹೆಚ್ಚಿನ ಮಟ್ಟಿಗೆ ಪೆಟ್ಟಿಗೆಯೇ, ಸ್ಪೀಕರಲ್ಲ.

ಪೆಟ್ಟಿಗೆ ಏಕೆ ಬೇಕು? ಕೋನು ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲುತ್ತದೆ. ಎರಡೂ ಸೇರಿದರೆ ಸದ್ದು ಸತ್ತುಹೋಗುತ್ತದೆ. ಹಿಂದಿನದನ್ನು ಕೂಡಿಹಾಕುವುದೇ ಪೆಟ್ಟಿಗೆಯ ಕೆಲಸ. ಆದರೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸುಮ್ಮನಿರುವುದಿಲ್ಲ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿದಾಗ ಹೇಗೆ ಅದು ವಾಪಸು ಒತ್ತುತ್ತದೋ ಹಾಗೆ ಕೋನನ್ನು ತಳ್ಳುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಈ ಗಾಳಿಯ ಸ್ಪ್ರಿಂಗನ್ನೇ ನೆಚ್ಚಿಕೊಂಡು ಎಆರ್-1 ಎಂಬ ಸ್ಪೀಕರನ್ನು ರೂಪಿಸಿದರು. ಅಲ್ಲಿಯವರೆಗೆ ಆಳದ ಸ್ವರಕ್ಕೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂದು ತಿಳಿದಿದ್ದವರ ಮುಂದೆ ಶೆಲ್ಫಿನ ಮೇಲೆ ಕೂರುವ ಪೆಟ್ಟಿಗೆ ಬಂತು. ಆಮೇಲೆ ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಅಂದಾಜಿನ ಈ ಕಸುಬನ್ನು ಲೆಕ್ಕಕ್ಕೆ ಇಳಿಸಿದರು. ಇವತ್ತು ಸ್ಪೀಕರ್ ಜೊತೆ ಬರುವ ಚೀಟಿಯಲ್ಲಿ ಎಫ್ಎಸ್, ಕ್ಯೂಟಿಎಸ್, ವಿಎಎಸ್ ಎಂದು ಮುದ್ರಿಸಿರುವುದು ಅವರಿಬ್ಬರ ಅಂಕಿಗಳೇ. ಆ ಚೀಟಿ ಕೊಡದ ಸ್ಪೀಕರನ್ನು ಕೊಳ್ಳಲೇಬಾರದು.

ಲೆಕ್ಕ ಸುಲಭ. ಸ್ಪೀಕರಿನ ಸಹಜ ಕಂಪನ ಎಫ್ಎಸ್ 30 ಹರ್ಟ್ಸ್, ಆ ಕಂಪನ ಎಷ್ಟು ಬೇಗ ತಣಿಯುತ್ತದೆ ಎಂಬುದರ ಅಂಕಿ ಕ್ಯೂಟಿಎಸ್ 0.45, ಕೋನಿನ ಸ್ಪ್ರಿಂಗಿಗೆ ಸಮನಾದ ಗಾಳಿಯ ಪ್ರಮಾಣ ವಿಎಎಸ್ 30 ಲೀಟರ್ ಎಂದಿಟ್ಟುಕೊಳ್ಳಿ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಬೇಕು. 20 ಲೀಟರಿಗೆ ಅದು 1.58. ಇದರಿಂದ 0.45 ಅನ್ನು ಗುಣಿಸಿದರೆ 0.71, 30 ಅನ್ನು ಗುಣಿಸಿದರೆ 47 ಹರ್ಟ್ಸ್. 0.71 ಎಂಬುದು ಹೆಚ್ಚು ಉಬ್ಬದೆ, ಬೇಗ ಕುಸಿಯದೆ ಸಮನಾಗಿ ಸಾಗುವ ಅಂಕಿ. ಅದೇ ಸ್ಪೀಕರನ್ನು 12 ಲೀಟರಿಗೆ ತುರುಕಿದರೆ 0.84 ಆಗುತ್ತದೆ, ಕಂಪನ 56 ಹರ್ಟ್ಸ್‌ಗೆ ಏರುತ್ತದೆ. ಸದ್ದಿಗೆ ಸ್ವಲ್ಪ ಊದಿದ ಗುಣ ಬರುತ್ತದೆ. ಜಾಗ ತೀರಾ ಇಕ್ಕಟ್ಟಾದರೆ 15 ಲೀಟರಿಗೆ ಒಪ್ಪಬಹುದು, ಅಲ್ಲಿ 0.78. ಅದಕ್ಕಿಂತ ಕೆಳಗಿಳಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಪೆಟ್ಟಿಗೆಯೊಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿದರೆ ಅದು ಒತ್ತಿದ ಗಾಳಿಯ ಶಾಖವನ್ನು ಹೀರಿಕೊಂಡು ಪೆಟ್ಟಿಗೆ ಶೇ 10ರಿಂದ 20ರಷ್ಟು ದೊಡ್ಡದಾದಂತೆ ವರ್ತಿಸುವಂತೆ ಮಾಡುತ್ತದೆ.

ಇಲ್ಲಿ ಕ್ಯಾಬಿನ್ನಿನ ಪಾಲು ಬರುತ್ತದೆ. 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಮುಂದಿನ ಗಾಜಿನಿಂದ ಹಿಂಬಾಗಿಲಿಗೆ ಸುಮಾರು 3 ಮೀಟರ್ ಇರುವ ಗಾಡಿಯಲ್ಲಿ ಆ ಅಲೆಗೆ ಓಡಾಡಲು ಜಾಗವಿಲ್ಲ. ಅರ್ಧ ಅಲೆಯೂ ಹಿಡಿಸದ ಕಡೆ, ಅಂದರೆ ಇಲ್ಲಿ 57 ಹರ್ಟ್ಸ್‌ನಿಂದ ಕೆಳಗೆ, ಸದ್ದು ಅಲೆಯಾಗಿ ಹರಿಯುವುದನ್ನು ಬಿಟ್ಟು ಇಡೀ ಕ್ಯಾಬಿನ್ನಿನ ಗಾಳಿಯ ಒತ್ತಡವನ್ನೇ ಏರಿಳಿಸುತ್ತದೆ. ಆಗ ಪ್ರತಿ ಸ್ಥಾಯಿ ಕೆಳಗಿಳಿದಂತೆ ತಾತ್ವಿಕವಾಗಿ 12 ಡೆಸಿಬೆಲ್ ಬಲ ಕೂಡುತ್ತದೆ. ಮುಚ್ಚಿದ ಪೆಟ್ಟಿಗೆಯ ಸದ್ದು ಕುಸಿಯುವುದೂ ಸ್ಥಾಯಿಗೆ 12 ಡೆಸಿಬೆಲ್‌ನಂತೆಯೇ! ಒಂದು ಇಳಿದಷ್ಟೂ ಇನ್ನೊಂದು ಏರುತ್ತದೆ. ಬಾಗಿಲ ಸಂದಿ, ತೆಳು ತಗಡು, ಗಾಜು ಇವುಗಳಿಂದ ಒಂದಿಷ್ಟು ಸೋರಿಹೋಗುವುದು ನಿಜ. ಹಾಗಿದ್ದರೂ ಮನೆಯ ಹಾಲ್‌ನಲ್ಲಿ 47 ಹರ್ಟ್ಸ್‌ಗೆ ಸೋಲುವ ಪೆಟ್ಟಿಗೆ ಗಾಡಿಯಲ್ಲಿ 30ರ ಆಸುಪಾಸಿಗೆ ಇಳಿಯುತ್ತದೆ. ಒತ್ತಡ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಆ ಆಳದ ಸ್ವರ ಮುಂದೆ ಕೂತ ಅಪ್ಪನಿಗೂ ಹಿಂದಿನ ಸಾಲಿನ ಅಜ್ಜಿಗೂ ಸಮನಾಗಿ ಸಿಗುತ್ತದೆ. ಹೆಚ್ಚು ಜೋರಾಗಿಸದೆ ಎಲ್ಲರಿಗೂ ಕೇಳಿಸಬಹುದಾದದ್ದು ಇದರಿಂದಲೇ.

ತೂತಿನ ಪೆಟ್ಟಿಗೆ ಏಕೆ ಬೇಡ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಆ ತೂತಿಗೆ ಕೂರಿಸಿದ ಪೈಪಿನ ಗಾಳಿ ತನ್ನದೇ ಕಂಪನದಲ್ಲಿ ಒಂದು ಉಬ್ಬು ಕೊಡುತ್ತದೆ, ಅದರ ಮೇಲೆ ಕ್ಯಾಬಿನ್ನಿನ ಉಬ್ಬು ಬಂದು ಕೂರುತ್ತದೆ. ಜಾಗದ ಲೆಕ್ಕವೂ ಒಪ್ಪುವುದಿಲ್ಲ. 40 ಲೀಟರಿನ ಪೆಟ್ಟಿಗೆಯನ್ನು 35 ಹರ್ಟ್ಸ್‌ಗೆ ಶ್ರುತಿ ಮಾಡಲು 10 ಸೆಂ.ಮೀ. ವ್ಯಾಸದ ಪೈಪು ಸುಮಾರು 41 ಸೆಂ.ಮೀ. ಉದ್ದ ಬೇಕು. 20 ಲೀಟರಿಗಾದರೆ ಅದೇ ಪೈಪು 90 ಸೆಂ.ಮೀ. ಹತ್ತಿರ ಹೋಗುತ್ತದೆ, ಪೆಟ್ಟಿಗೆಗಿಂತ ಪೈಪೇ ಉದ್ದ. ಚಿಕ್ಕ ಪೆಟ್ಟಿಗೆ, ಆಳದ ಸ್ವರ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು ಎನ್ನುವುದು ಜೆ. ಆಂಟನ್ ಹಾಫ್‌ಮನ್ ಹೆಸರಿನಲ್ಲಿ ನಿಂತ ನಿಯಮ. ಗಾಡಿಯವರು ಮೊದಲೆರಡನ್ನು ಆರಿಸಿ, ಮೂರನೆಯದಕ್ಕೆ ಆಂಪ್ಲಿಫೈಯರಿನಿಂದ ಬೆಲೆ ತೆರುವುದು ಒಳ್ಳೆಯದು.

ಇನ್ನು ಬಡಗಿಯ ಕೆಲಸ. ಸೀಟಿನ ಬೆನ್ನು ಓರೆಯಾಗಿರುವುದರಿಂದ ಪೆಟ್ಟಿಗೆಯ ಒಂದು ಮುಖವೂ ಓರೆಯಾಗಿದ್ದರೆ ಜಾಗ ಉಳಿಯುತ್ತದೆ. ಒಳಅಳತೆ ಎತ್ತರ 32, ಅಗಲ 42, ಆಳ ಮೇಲೆ 12, ಕೆಳಗೆ 20 ಸೆಂ.ಮೀ. ಇಟ್ಟರೆ 21.5 ಲೀಟರ್ ಬರುತ್ತದೆ. ಸ್ಪೀಕರಿನ ಬೆನ್ನಿಗೆ ಒಂದೂವರೆ ಲೀಟರ್, ಒಳಗೆ ಅಡ್ಡ ಕೊಡುವ ಪಟ್ಟಿಗೆ ಅರ್ಧ ಲೀಟರ್ ಕಳೆದರೆ ಉಳಿಯುವುದು 19.5. 18 ಮಿಲಿಮೀಟರ್ ಹಲಗೆ ಸೇರಿ ಹೊರಗಿನ ಅಗಲ 46 ಸೆಂ.ಮೀ. ಒಳಗೆ. ಡಿಕ್ಕಿಯ ಒಂದು ಮೂಲೆಗೆ ಇದನ್ನು ಸೇರಿಸಿದರೆ ಅರ್ಧಕ್ಕೂ ಹೆಚ್ಚು ಅಗಲ ಬ್ಯಾಗುಗಳಿಗೆ ಉಳಿಯುತ್ತದೆ. ಸ್ಪೀಕರಿಗೆ ಕಬ್ಬಿಣದ ಜಾಲರಿ ಹಾಕಲೇಬೇಕು. ಇಲ್ಲದಿದ್ದರೆ ಬ್ಯಾಗಿನ ಮೂಲೆ ಕೋನನ್ನು ಹರಿದುಬಿಡುತ್ತದೆ.

ಪೆಟ್ಟಿಗೆಯ ಹಲಗೆಗೆ ಒಣ ಸೀಮೆಯವರಿಗೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಸಾಕು. ಕರಾವಳಿ, ಮಲೆನಾಡಿನವರು ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡಿಗೆ ಹೋಗಲಿ. ಮಳೆಗಾಲದಲ್ಲಿ ಒದ್ದೆ ಚಪ್ಪಲಿ, ಕೊಡೆ ಎಲ್ಲ ಹಿಂದೆಯೇ ಬೀಳುವುದರಿಂದ ಎಂಡಿಎಫ್ ಅಂಚುಗಳು ನೀರು ಕುಡಿದು ಉಬ್ಬುತ್ತವೆ. ಪ್ರತಿ ಕೂಡಿಕೆಗೂ ಅಂಟು ಮತ್ತು ಸ್ಕ್ರೂ, ಒಳಗಿನ ಮೂಲೆಗಳಿಗೆ ಸಿಲಿಕೋನ್. ಸಿಲಿಕೋನ್ ಪೂರ್ತಿ ಒಣಗುವ ಮೊದಲು ಸ್ಪೀಕರ್ ಕೂರಿಸುವ ಅವಸರ ಬೇಡ. ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಕೋನನ್ನು ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ: ನಿಧಾನವಾಗಿ ಹಿಂದಿರುಗಿದರೆ ಪೆಟ್ಟಿಗೆ ಬಿಗಿಯಾಗಿದೆ, ತಟ್ಟನೆ ಪುಟಿದರೆ ಎಲ್ಲೋ ಸಂದಿ ಉಳಿದಿದೆ.

ವಿದ್ಯುತ್ತಿನ ವಿಷಯದಲ್ಲಿ ಉಳಿತಾಯ ಬೇಡ. 300 ವಾಟ್ ಕೊಡುವ ಕ್ಲಾಸ್-ಡಿ ಆಂಪ್ಲಿಫೈಯರ್ ಪೂರ್ತಿ ದುಡಿದಾಗ ಬ್ಯಾಟರಿಯಿಂದ 27 ಆಂಪಿಯರ್‌ನಷ್ಟು ಎಳೆಯಬಹುದು. ಅದಕ್ಕೆ ಅಪ್ಪಟ ತಾಮ್ರದ ದಪ್ಪ ತಂತಿ ಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ನೋಡಲು ಅಷ್ಟೇ ದಪ್ಪವಿದ್ದರೂ ಅಷ್ಟು ಪ್ರವಾಹವನ್ನು ತಾಳುವುದಿಲ್ಲ. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲಿ. ತಂತಿ ಎಂಜಿನ್ ಕೋಣೆಯಿಂದ ತಗಡಿನ ತೂತು ದಾಟಿ ಒಳಗೆ ಬರುವ ಕಡೆ ರಬ್ಬರ್ ಬುಷ್ ಇಲ್ಲದಿದ್ದರೆ ತಗಡಿನ ಅಂಚು ಹೊದಿಕೆಯನ್ನು ತಿಂದುಹಾಕುತ್ತದೆ. ಆಗ ಫ್ಯೂಸ್ ಒಂದೇ ಗಾಡಿಯನ್ನು ಬೆಂಕಿಯಿಂದ ಉಳಿಸುವುದು.

ಪೆಟ್ಟಿಗೆಯನ್ನು ಬಿಗಿಯುವುದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಸ್ಪೀಕರ್ ಸೇರಿ ಇದರ ತೂಕ ಸುಮಾರು 15 ಕೆ.ಜಿ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಈ ಪೆಟ್ಟಿಗೆ 200 ಕೆ.ಜಿ.ಗೂ ಮಿಕ್ಕಿದ ಭಾರದ ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಅದರ ಮುಂದೆ ಇರುವುದು ಮೂರನೇ ಸಾಲು, ಸಾಮಾನ್ಯವಾಗಿ ಮಕ್ಕಳು ಕೂರುವ ಜಾಗ. ವೆಲ್ಕ್ರೋ ಪಟ್ಟಿ, ಎಲಾಸ್ಟಿಕ್ ಹಗ್ಗ ಯಾವುದಕ್ಕೂ ಈ ಬಲ ತಡೆಯುವ ಶಕ್ತಿಯಿಲ್ಲ. ಕಬ್ಬಿಣದ ಎಲ್ ಪಟ್ಟಿಯಿಂದ ಗಾಡಿಯ ಲೋಹದ ನೆಲಕ್ಕೇ, ಅಡಿಯಲ್ಲಿ ಅಗಲ ವಾಷರ್ ಕೊಟ್ಟು, 8 ಮಿಲಿಮೀಟರ್ ಬೋಲ್ಟಿನಲ್ಲಿ ಬಿಗಿಯಬೇಕು. ಡ್ರಿಲ್ ಹಿಡಿಯುವ ಮುಂಚೆ ಗಾಡಿಯನ್ನು ಲಿಫ್ಟಿಗೆ ಏರಿಸಿ, ಅಡಿಯಲ್ಲಿ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಎಲ್ಲಿ ಹಾದುಹೋಗಿವೆ ಎಂದು ಕಣ್ಣಾರೆ ನೋಡಬೇಕು.

ಸದ್ದಿನ ಮಟ್ಟಕ್ಕೂ ಮಕ್ಕಳೇ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾನದಂಡ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂದರೆ ಮಕ್ಕಳಿಗೆ 75 ಎನ್ನುತ್ತದೆ. ಸಬ್‌ವೂಫರಿಗೆ ಹೋಗುವ ಸ್ವರಗಳನ್ನು 80 ಹರ್ಟ್ಸ್‌ಗೆ ಕತ್ತರಿಸಿ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ, ಪಕ್ಕವಾದ್ಯ ಮುಂದೆಯೇ ಇದ್ದಂತೆ ಕೇಳುತ್ತದೆ. ಆಂಪ್ಲಿಫೈಯರಿನ ಗೇನ್ (ಸದ್ದಿನ ಮಟ್ಟ) ಪೂರ್ತಿ ಇಳಿಸಿ, ಗಾಡಿ ಓಡುತ್ತಿರುವಾಗ, ಇನ್ನೊಬ್ಬರು ಓಡಿಸುತ್ತಿರಲಿ, ಪರಿಚಿತವಾದ ಒಂದು ತನಿ ಆವರ್ತನ (ಮೃದಂಗದ ಒಂಟಿ ವಾದನ) ಹಾಕಿ ಸ್ವಲ್ಪಸ್ವಲ್ಪವೇ ಏರಿಸಿ. ಎಡಗೈಯ ಗುಂಕಾರ ಕೇಳಲು ಶುರುವಾದ ಕಡೆ ನಿಲ್ಲಿಸಿ. ಆಮೇಲೆ ಆಂಪ್ಲಿಫೈಯರಿನ ಫೇಸ್ ಸ್ವಿಚ್ಚನ್ನು ಒಮ್ಮೆ ಆಚೆ, ಒಮ್ಮೆ ಈಚೆ ಮಾಡಿ. ಯಾವ ಕಡೆ ನಾದ ಹೆಚ್ಚು ತುಂಬಿ ಬರುತ್ತದೋ ಅದು ಸರಿ. ಹಿಂಬಾಗಿಲ ಪ್ಲಾಸ್ಟಿಕ್ಕು, ನಂಬರ್ ಪ್ಲೇಟು ಗಡಗಡ ಎಂದರೆ ಅಲ್ಲಿಗೆ ಕಂಪನ ತಗ್ಗಿಸುವ ಬ್ಯುಟೈಲ್ ಹಾಳೆ ಅಂಟಿಸಿ.

ಪೆಟ್ಟಿಗೆಯ ತಂತಿಗೆ ಕಳಚಬಹುದಾದ ಕನೆಕ್ಟರ್ ಹಾಕಿಸಿ, ಎಲ್ ಪಟ್ಟಿಯ ಬೋಲ್ಟುಗಳು ಕೈಗೆ ಸುಲಭವಾಗಿ ಸಿಗುವಂತಿರಲಿ. ಏಳೂ ಜನ ಎರಡು ವಾರದ ಬಟ್ಟೆಬರೆ ಕಟ್ಟಿಕೊಂಡು ಹೊರಟ ದಿನ ಅದನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಬಹುದು.