ಔಷಧಿ ಮತ್ತು ಸಮಾಧಿ

ಒಂದೇ ಕುತೂಹಲ ಇಂದು ನಮ್ಮ ತರುಣರನ್ನು ಎರಡು ದಿಕ್ಕಿಗೆ ಎಳೆಯುತ್ತಿದೆ. ವಾರದ ಕೊನೆ ಬಂದಿತೆಂದರೆ ಕೆಲವರು ದೇವನಹಳ್ಳಿಯ ಸುತ್ತಮುತ್ತಣ ತೋಟದ ಮನೆಗಳನ್ನು ಬಾಡಿಗೆಗೆ ಹಿಡಿದು, ಅಂಚೆಚೀಟಿಗಿಂತಲೂ ಚಿಕ್ಕದಾದ ಕಾಗದದ ತುಣುಕೊಂದನ್ನು ನಾಲಗೆಯ ಮೇಲಿರಿಸಿಕೊಂಡು, ದಿನನಿತ್ಯದ ಎಚ್ಚರದ ಆಚೆಗೆ ಏನಿದೆಯೆಂಬುದನ್ನು ಕಾಣಲೆಳಸುತ್ತಾರೆ. ಅಂಥ ಮನೆಗಳ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದವರು ವಿರಳ. ಅದೇ ವಯಸ್ಸಿನ, ಎಷ್ಟೋ ವೇಳೆ ಅದೇ ಕಚೇರಿಯ ಮತ್ತೆ ಕೆಲವರು, ರಜೆ ಬರೆದುಕೊಟ್ಟು, ನೆಲಮಂಗಲದ ಕಡೆಗೆ ಹೋಗುವ ತುಮಕೂರು ಹೆದ್ದಾರಿಯನ್ನು ಹಿಡಿದು, ದಾಸನಪುರ ಹೋಬಳಿಯ ಆಲೂರಿನಲ್ಲಿರುವ ‘ಧಮ್ಮ ಪಫುಲ್ಲ’ ವಿಪಶ್ಯನಾ ಕೇಂದ್ರದಲ್ಲಿ ಹತ್ತು ದಿನ ಮೌನವಾಗಿ ಕುಳಿತು ಅದನ್ನೇ ಅರಸುತ್ತಾರೆ. ಈ ಎರಡು ಮಾರ್ಗಗಳೂ ಒಂದೇ ಊರನ್ನು ಸೇರುವುವೆಂದು ವಾದಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರು ಮುಂದೊಡ್ಡುವ ಶಾಸ್ತ್ರಾಧಾರ ಪತಂಜಲಿಯದು.

ಯೋಗಸೂತ್ರದ ಕೊನೆಯದಾದ ಕೈವಲ್ಯಪಾದ ಆರಂಭವಾಗುವುದೇ ಸಿದ್ಧಿಗಳು ಎಲ್ಲಿಂದ ಹುಟ್ಟುತ್ತವೆಂಬುದನ್ನು ಎಣಿಸುವುದರಿಂದ. ಹುಟ್ಟು, ಮಂತ್ರ, ತಪಸ್ಸು, ಸಮಾಧಿ ಇವುಗಳ ಜೊತೆಗೆ ಔಷಧಿಗೂ ಅಲ್ಲಿ ಒಂದು ಮಣೆ ಹಾಕಿದೆ. ಗಿಡಮೂಲಿಕೆಯನ್ನು ಸಮಾಧಿಯ ಪಂಕ್ತಿಯಲ್ಲಿಯೇ ಕುಳ್ಳಿರಿಸಿದ ಮೇಲೆ ಇನ್ನೇನು ಬೇಕೆಂದು ಕೇಳುವವರು ಎರಡು ಸಂಗತಿಗಳನ್ನು ಗಮನಿಸಿದಂತೆ ತೋರುವುದಿಲ್ಲ. ಮೊದಲನೆಯದಾಗಿ, ಈ ಔಷಧಿ ಯಾವುದೆಂಬುದನ್ನು ವಿವರಿಸುತ್ತ ವ್ಯಾಸಭಾಷ್ಯವು ಅಸುರರ ಭವನಗಳಲ್ಲಿ ದೊರೆಯುವ ರಸಾಯನವನ್ನು ಹೆಸರಿಸುತ್ತದೆ. ಅದರ ಮೇಲೆ ಟೀಕೆ ಬರೆದ ವಾಚಸ್ಪತಿ ಮಿಶ್ರನು, ಹೇಗೋ ಅಂಥ ಭವನವನ್ನು ಹೊಕ್ಕ ಮನುಷ್ಯನೊಬ್ಬನು ಸುಂದರಿಯರಾದ ಅಸುರಕನ್ಯೆಯರು ತಂದಿತ್ತ ರಸಾಯನವನ್ನು ಸೇವಿಸಿ ಮುಪ್ಪು ಸಾವುಗಳನ್ನು ಗೆಲ್ಲುವ ಮಾತನ್ನು ಎತ್ತುತ್ತಾನೆ. ಎಂದರೆ ಅಲ್ಲಿಯ ಔಷಧಿ ದೇಹವನ್ನು ಗಟ್ಟಿಮಾಡುವ ಮದ್ದೇ ಹೊರತು ದರ್ಶನಗಳನ್ನು ತೋರಿಸುವ ಸೊಪ್ಪಲ್ಲ. (ಅಸುರಕನ್ಯೆಯರ ಆತಿಥ್ಯದ ಭಾಗ ಮಾತ್ರ ತೋಟದ ಮನೆಯ ಕೂಟಗಳಿಗೆ ಹೊಂದೀತೋ ಏನೋ.) ಎರಡನೆಯ ಸಂಗತಿ ಇದಕ್ಕಿಂತ ಗುರುತರವಾದದ್ದು: ಆ ಸೂತ್ರ ಎಣಿಸುವುದು ಸಿದ್ಧಿಗಳ ಮೂಲವನ್ನು, ಮುಕ್ತಿಯ ಮೂಲವನ್ನಲ್ಲ, ಇದಕ್ಕೆ ಹಿಂದಣ ವಿಭೂತಿಪಾದದಲ್ಲಿ ಅದೇ ಪತಂಜಲಿ, ಹೊರಮುಖವಾದ ಚಿತ್ತಕ್ಕೆ ಸಿದ್ಧಿಯೆಂದು ತೋರುವ ವಿಶೇಷ ದರ್ಶನ ಶ್ರವಣಾದಿಗಳು ಸಮಾಧಿಗೆ ವಿಘ್ನಗಳೆಂದು ಆಗಲೇ ಹೇಳಿಬಿಟ್ಟಿದ್ದಾನೆ. ಮೂಲಿಕೆಯು ಏನನ್ನು ಕೊಡಬಲ್ಲುದೋ ಅದನ್ನು ದಾಟಿ ಹೋಗಬೇಕೆಂಬುದೇ ಆತನ ಅಭಿಪ್ರಾಯವೆಂದಾದ ಮೇಲೆ, ಎರಡೂ ಮಾರ್ಗಗಳಿಗೆ ಆತನನ್ನು ಸಾಕ್ಷಿಯಾಗಿ ಕರೆಯುವುದು ಅಷ್ಟು ಸುಲಭವಲ್ಲ.

ನಮ್ಮ ನಾಡಿಗೆ ಮತ್ತೇರಿಸುವ ಗಿಡಗಳ ಪರಿಚಯವೇನೂ ಹೊಸದಲ್ಲ. ಹೊಸಕೋಟೆ, ದೊಡ್ಡಬಳ್ಳಾಪುರಗಳ ಯಾವ ಹಳ್ಳಿಯ ತಿಪ್ಪೆಯ ಮಗ್ಗುಲಲ್ಲಿ ನೋಡಿದರೂ ಉಮ್ಮತ್ತದ ಗಿಡ ತುತ್ತೂರಿಯಂಥ ಹೂವನ್ನೂ ಮುಳ್ಳುಮುಳ್ಳಾದ ಉಂಡೆಗಾಯನ್ನೂ ಹೊತ್ತು ನಿಂತಿರುತ್ತದೆ. ಹೂವು ಶಿವನ ಪೂಜೆಗೆ ಸಲ್ಲುತ್ತದೆ. ಕಾಯನ್ನು ಮುಟ್ಟಿದ ಮಕ್ಕಳಿಗೆ ಮಾತ್ರ ಬೈಗುಳ ತಪ್ಪಿದ್ದಲ್ಲ, ಮತ್ತು ಆ ಬೈಗುಳ ಸಕಾರಣವಾದದ್ದು. ಅದರಲ್ಲಿರುವ ಅಟ್ರೋಪಿನ್, ಸ್ಕೋಪೋಲಮಿನ್ ಎಂಬ ವಿಷಗಳು ಬಾಯನ್ನು ಒಣಗಿಸಿ, ಕಣ್ಣಿನ ಪಾಪೆಯನ್ನು ಹಿಗ್ಗಿಸಿ, ಎದೆಬಡಿತವನ್ನು ಏರಿಸಿ, ಮನುಷ್ಯನನ್ನು ಸನ್ನಿಗೆ ತಳ್ಳುತ್ತವೆ; ಎದುರಿಗಿಲ್ಲದವರ ಸಂಗಡ ಅವನು ಮಾತನಾಡುತ್ತಾನೆ, ಅವರು ಎದುರಿಗಿಲ್ಲವೆಂಬುದು ಅವನಿಗೆ ತಿಳಿಯದು; ಪ್ರಾಣ ಹೋಗುವುದೂ ಉಂಟು. ಇದನ್ನು ಪ್ರಜ್ಞೆಯ ವಿಸ್ತಾರವೆನ್ನುವುದಕ್ಕೆ ಯಾವ ಅರ್ಥವೂ ಇಲ್ಲ. ಗಾಂಜಾದ ಮಾತು ಬೇರೆ. ಯಾದಗಿರಿ ಜಿಲ್ಲೆಯ ತಿಂಥಿಣಿಯ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಸ್ವೀಕರಿಸುವ ವಾಡಿಕೆಯುಂಟೆಂದು ಪತ್ರಿಕೆಗಳು ವರದಿ ಮಾಡಿವೆ. ಉತ್ತರ ಕರ್ನಾಟಕದ ಅವಧೂತ, ಆರೂಢ ಪರಂಪರೆಯ ಕೆಲವರಲ್ಲಿ ಅದು ಧ್ಯಾನದ ಸಹಕಾರಿಯೆಂಬ ನಂಬಿಕೆಯಿದೆ. 1985ರ ಮಾದಕವಸ್ತು ಶಾಸನವು ಗಿಡದ ಹೂತುದಿಯನ್ನು ನಿಷೇಧಿಸಿ, ಬರಿಯ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದಕ್ಕೆ ಇಂಥ ಹಳೆಯ ವಾಡಿಕೆಗಳ ಬಲವೇ ಕಾರಣವಿರಬೇಕು.

ಇಂದಿನ ತೋಟದ ಮನೆಗಳ ಕಾಗದದ ತುಣುಕು ಬಂದದ್ದು ಬೇರೆ ದಾರಿಯಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯಲ್ಲಿ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞನು 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿ, ಐದು ವರ್ಷಗಳ ಅನಂತರ, 1943ರ ಏಪ್ರಿಲ್ 19ರಂದು, ಒಂದು ಮಿಲಿಗ್ರಾಮಿನ ಕಾಲುಭಾಗದಷ್ಟನ್ನು ತಾನೇ ನುಂಗಿ ನೋಡಿದನು. ಅಷ್ಟು ಅಲ್ಪವಾದದ್ದು ಏನು ತಾನೇ ಮಾಡೀತೆಂಬುದು ಅವನ ಎಣಿಕೆ. ಸೈಕಲ್ಲಿನಲ್ಲಿ ಮನೆಗೆ ಹೊರಟವನಿಗೆ ದಾರಿಯೇ ಅಲೆಅಲೆಯಾಗಿ ತೇಲಿತು. ಹಾಲು ತಂದುಕೊಟ್ಟ ನೆರೆಮನೆಯಾಕೆ ಮಾಟಗಾತಿಯಾಗಿ ಕಂಡಳು. ಈ ದ್ರವ್ಯವೂ, ಕೆಲವು ಜಾತಿಯ ಅಣಬೆಗಳಲ್ಲಿರುವ ಸಿಲೋಸೈಬಿನ್ ಎಂಬುದೂ, ಮಿದುಳಿನಲ್ಲಿ ಸೆರೊಟೋನಿನ್ ಎಂಬ ಸಹಜ ರಸಕ್ಕೆಂದು ಏರ್ಪಟ್ಟಿರುವ ಗ್ರಾಹಕಗಳಲ್ಲಿ ಒಂದು ಬಗೆಯದನ್ನು ಹಿಡಿದು, ನೋಟ, ಕಾಲ, ‘ನಾನು’ ಎಂಬ ಭಾವ ಇವುಗಳ ನಿತ್ಯದ ಕಟ್ಟನ್ನು ಕೆಲವು ಗಂಟೆಗಳ ಮಟ್ಟಿಗೆ ಸಡಿಲಿಸುತ್ತವೆ. ಆಲ್ಡಸ್ ಹಕ್ಸ್‌ಲಿಯು ಪಾಪಸುಕಳ್ಳಿಯ ಬಳಗದ ಗಿಡದಿಂದ ಬಂದ ಮೆಸ್ಕಲಿನ್ ಸೇವಿಸಿದ ತನ್ನ ಅನುಭವವನ್ನು 1954ರಲ್ಲಿ ಪುಸ್ತಕವಾಗಿಸಿದ ಮೇಲೆ ಇದು ಪಂಡಿತರ ಚರ್ಚೆಗೂ ಬಂದಿತು. ಅದೇ ವರ್ಷ ಹಕ್ಸ್‌ಲಿಯು, ಮದನಪಲ್ಲಿಯಲ್ಲಿ ಹುಟ್ಟಿದ ತನ್ನ ಮಿತ್ರ ಜಿಡ್ಡು ಕೃಷ್ಣಮೂರ್ತಿಯವರ ಗ್ರಂಥವೊಂದಕ್ಕೆ ಮುನ್ನುಡಿ ಬರೆದನೆಂಬುದೂ, ಆ ಮಿತ್ರರು ಮಾತ್ರ ಇಂಥ ದ್ರವ್ಯಗಳನ್ನು ಎಂದೂ ಒಪ್ಪಲಿಲ್ಲವೆಂಬುದೂ ನೆನೆಯತಕ್ಕ ಸಂಗತಿ. ಹಾರ್ವರ್ಡಿನ ಅಧ್ಯಾಪಕ ವೃತ್ತಿಯನ್ನು ಕಳೆದುಕೊಂಡು 1967ರಲ್ಲಿ ಭಾರತಕ್ಕೆ ಬಂದ ರಿಚರ್ಡ್ ಆಲ್ಪರ್ಟನು, ತಾನು ಕೊಟ್ಟ ಎಲ್‌ಎಸ್‌ಡಿ ಗುಳಿಗೆಗಳು ತನ್ನ ಗುರುವಾದ ನೀಮ್ ಕರೋಲಿ ಬಾಬಾರವರ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲವೆಂದು ಹೇಳಿದ ಕಥೆ ಬಹು ಪ್ರಸಿದ್ಧವಾದದ್ದು. ಭಕ್ತನ ಕಥನವನ್ನು ಪ್ರಯೋಗವೆಂದು ಎಣಿಸಲಾಗದು.

ಪ್ರಯೋಗವೆಂದರೆ ಹೇಗಿರಬೇಕೆಂಬುದಕ್ಕೆ ಬೆಂಗಳೂರಿನಲ್ಲಿಯೇ ಉದಾಹರಣೆ ಉಂಟು. ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಏರ್ಪಟ್ಟಿತು. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪ ಅದೇ. ಪ್ರಥಮ ನಿರ್ದೇಶಕರಾದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಪಾಶ್ಚಾತ್ಯ ಮನೋವೈದ್ಯದಲ್ಲಿಯೂ ಭಾರತೀಯ ದರ್ಶನಗಳಲ್ಲಿಯೂ ಸಮವಾಗಿ ಆಸಕ್ತರಾಗಿದ್ದವರು. ಅವರೂ, ಹೋನಿಗ್ ಎಂಬ ವಿದೇಶೀ ವೈದ್ಯರೂ, ಇನ್ನೂ ಕೆಲವರು ಸಹೋದ್ಯೋಗಿಗಳೂ ಸೇರಿ, ಗುಂಡಿಯಲ್ಲಿ ಹೂಳಿಸಿಕೊಂಡು ಇರಬಲ್ಲೆನೆಂದ ಯೋಗಿಯೊಬ್ಬನನ್ನು ಪರೀಕ್ಷಿಸಿದ ವರದಿ 1958ರಲ್ಲಿ ಆ ಸಂಸ್ಥೆಯ ಪತ್ರಿಕೆಯಲ್ಲಿಯೇ ಪ್ರಕಟವಾಯಿತು. ಜಾತ್ರೆಗಳಲ್ಲಿ ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡುತ್ತಿದ್ದ ವಿದ್ಯೆಯನ್ನು, ತಲೆಗೂ ಎದೆಗೂ ತಂತಿಗಳನ್ನು ಅಂಟಿಸಿ, ಒಂಬತ್ತು ಗಂಟೆಗಳ ಕಾಲ ಕಾಗದದ ಮೇಲೆ ಗೆರೆಗೆರೆಯಾಗಿ ಬರೆಯಿಸಿದರು. ಆ ಗೆರೆಗಳಲ್ಲಿ ಕಂಡದ್ದು ನಿದ್ರೆಯಲ್ಲ, ಮೂರ್ಛೆಯಲ್ಲ, ಮಿದುಳಿನಲ್ಲಿ ಹೊತ್ತಿದ ಯಾವ ದಿವ್ಯಜ್ವಾಲೆಯೂ ಅಲ್ಲ. ಕಣ್ಣು ಮುಚ್ಚಿ ಎಚ್ಚತ್ತಿರುವ ಸ್ವಸ್ಥ ಮನುಷ್ಯನ ಆಲ್ಫಾ ತರಂಗಗಳು. ಪವಾಡವನ್ನು ನಿರೀಕ್ಷಿಸಿದ್ದವರಿಗೆ ಇದರಿಂದ ನಿರಾಶೆಯಾಗಿರಬಹುದು. ನನಗಾದರೋ ಧ್ಯಾನವನ್ನು ಕುರಿತು ಯಂತ್ರವೊಂದು ಹೇಳಬಹುದಾದ ಅತ್ಯುತ್ತಮ ಮಾತು ಇದೇ ಎಂದು ತೋರುತ್ತದೆ: ಗಾಳಿ ಬೆಳಕುಗಳಿಲ್ಲದ ಗುಂಡಿಯಲ್ಲಿ, ತೂಕಡಿಸದೆ, ಬೆದರದೆ, ಅಷ್ಟು ಹೊತ್ತು ಎಚ್ಚತ್ತಿರುವುದು.

ಅದೇ ಸಂಸ್ಥೆಯ ಮುಂದಿನ ತಲೆಮಾರಿನವರೂ ಇಂಥ ಪೂರ್ವಗ್ರಹಗಳನ್ನು ಮುರಿದರು. ಬ್ರಹ್ಮಕುಮಾರಿಯರ ರಾಜಯೋಗವನ್ನು ಬಹುಕಾಲ ಅಭ್ಯಾಸ ಮಾಡಿದವರನ್ನು ಶರ್ಲಿ ಟೆಲ್ಲೆಸ್ ಮತ್ತು ಟಿ. ದೇಸಿರಾಜು ಅವರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಲೇಖನದಂತೆ, ಧ್ಯಾನಕಾಲದಲ್ಲಿ ಅವರ ಹೃದಯದ ಬಡಿತ ಇಳಿಯುವುದಕ್ಕೆ ಬದಲಾಗಿ ಏರಿತ್ತು. ಧ್ಯಾನವೆಂದರೆ ಬರಿಯ ವಿಶ್ರಾಂತಿಯೆಂಬ ಮಾತು ಅಲ್ಲಿಗೆ ಸಡಿಲವಾಯಿತು. 2011ರಲ್ಲಿ ನಿಮ್ಹಾನ್ಸ್‌ನವರು 12 ಮಂದಿಯನ್ನು ಸ್ಕ್ಯಾನರಿನೊಳಗೆ ಮಲಗಿಸಿ ಒಮ್ಮೆ ಓಂಕಾರವನ್ನೂ ಒಮ್ಮೆ ಬರಿಯ ಸಕಾರವನ್ನೂ ಉಚ್ಚರಿಸಹೇಳಿದಾಗ, ಭಾವೋದ್ವೇಗಗಳಿಗೆ ಸಂಬಂಧಪಟ್ಟ ಮಿದುಳಿನ ಭಾಗಗಳು ಓಂಕಾರಕ್ಕೆ ಮಾತ್ರ ತಣ್ಣಗಾದುವು. ಸಣ್ಣ ಅಧ್ಯಯನ, ಆದರೂ ಎರಡನ್ನೂ ಹೋಲಿಸಿ ನೋಡಬೇಕೆಂದು ತೋಚಿದ್ದೇ ಮೆಚ್ಚತಕ್ಕ ವಿವೇಕ.

ಆಲೂರಿನ ಕೇಂದ್ರದೊಳಗೆ ನಡೆಯುವುದೇನೆಂಬುದನ್ನು ಹೇಳದಿದ್ದರೆ ಈ ಹೋಲಿಕೆ ಗಾಳಿಯ ಮಾತಾದೀತು. ಬರ್ಮಾದಿಂದ 1969ರಲ್ಲಿ ಭಾರತಕ್ಕೆ ಬಂದ ಸತ್ಯನಾರಾಯಣ ಗೋಯೆಂಕಾ ಅವರು ಹರಡಿದ ಪದ್ಧತಿ ಅದು. ಬಂದ ದಿನವೇ ಮೊಬೈಲು, ಪುಸ್ತಕ, ಲೇಖನಿಗಳನ್ನು ಒಪ್ಪಿಸಿಬಿಡಬೇಕು. ಶುಲ್ಕವಿಲ್ಲ; ಶಿಬಿರ ಮುಗಿಸಿದವರು ಕೊಟ್ಟ ದಾನದಿಂದಲೇ ಮುಂದಿನವರ ಅನ್ನ. ಬೆಳಗಿನ ನಾಲ್ಕು ಗಂಟೆಗೆ ಗಂಟೆ ಬಾರಿಸುತ್ತದೆ, ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ, ನಡುವೆ ಸುಮಾರು ಹತ್ತು ಗಂಟೆಗಳ ಧ್ಯಾನ. ಬೆಳಗ್ಗೆ ತಿಂಡಿ, ಹನ್ನೊಂದು ಗಂಟೆಗೆ ಊಟ, ಹೊಸಬರಿಗೆ ಸಂಜೆ ಐದಕ್ಕೆ ಚಹ ಮತ್ತು ಹಣ್ಣು, ಅಷ್ಟೆ. ಮೊದಲ ಮೂರು ದಿನ ಮೂಗಿನ ಹೊಳ್ಳೆಗಳಲ್ಲಿ ಬಂದುಹೋಗುವ ಉಸಿರನ್ನು, ಮೇಲ್ದುಟಿಯ ಮೇಲಣ ಪುಟ್ಟ ಜಾಗದಲ್ಲಿ, ಸುಮ್ಮನೆ ಗಮನಿಸುವುದು. ನಾಲ್ಕನೆಯ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಮೈಯ ಸಂವೇದನೆಗಳನ್ನು ಒಂದೊಂದಾಗಿ ನೋಡುತ್ತ ಹೋಗುವುದು, ಮತ್ತು ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈ ಕಾಲು ಕಣ್ಣುಗಳನ್ನು ಬಿಚ್ಚದೆ ಕುಳಿತಿರುವುದು. ಆ ಗಂಟೆಯ ಕೊನೆಯ ಕಾಲುಭಾಗದಲ್ಲಿ ಮಂಡಿ ಪ್ರಪಂಚದಷ್ಟು ದೊಡ್ಡದಾಗುತ್ತದೆಂಬುದನ್ನು ಕುಳಿತವರೆಲ್ಲರೂ ಬಲ್ಲರು. ಆಫೀಸಿನ ಜಗಳ, ಹತ್ತು ವರ್ಷದ ಹಿಂದಿನ ಅವಮಾನ, ನಾಳೆಯ ತಿಂಡಿ, ಎಲ್ಲವೂ ಆ ಮಂಡಿಯ ಸುತ್ತ ನೆರೆಯುತ್ತವೆ. ಕೆಲವರಿಗೆ ಬಣ್ಣಗಳೂ ಬೆಳಕುಗಳೂ ಕಾಣುವುದುಂಟು. ಆಚಾರ್ಯರ ಬಳಿ ಹೋಗಿ ಸಂಭ್ರಮದಿಂದ ನಿವೇದಿಸಿಕೊಂಡರೆ, ಅದಕ್ಕೆ ಬೆಲೆ ಕೊಡದೆ ಸಂವೇದನೆಗೆ ಮರಳುವಂತೆ ಹೇಳಿ ಕಳುಹಿಸುತ್ತಾರೆ. ಅಣಬೆ ತಿಂದವನಿಗೆ ಸರ್ವಸ್ವವಾದ ದರ್ಶನ ಇಲ್ಲಿ ದಾರಿಬದಿಯ ನೆರಳು ಮಾತ್ರ. ಪತಂಜಲಿಯ ಎಚ್ಚರಿಕೆಯನ್ನು ಬೌದ್ಧಮಾರ್ಗದವರು ತಮ್ಮದೇ ರೀತಿಯಲ್ಲಿ ಪಾಲಿಸುತ್ತಿದ್ದಾರೆ.

ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲವೆಂದು ಹೇಳಬಹುದೇ? ಅದೂ ನ್ಯಾಯವಲ್ಲ. ಮನಸ್ಸು ಯಾವ ಕೆಲಸವೂ ಇಲ್ಲದೆ ತನ್ನನ್ನೇ ಮೆಲುಕು ಹಾಕುತ್ತಿರುವಾಗ ಮಿದುಳಿನ ನಡುಗೆರೆಯ ಕೆಲವು ಭಾಗಗಳು ಒಂದು ಜಾಲವಾಗಿ ಚುರುಕಾಗುತ್ತವೆ. ನುರಿತ ಧ್ಯಾನಿಗಳಲ್ಲಿ ಈ ಜಾಲದ ಮುಖ್ಯ ಭಾಗಗಳು ಮಂದವಾಗಿರುತ್ತವೆಂದು ಜಡ್ಸನ್ ಬ್ರೂಯರ್ ಮತ್ತು ಸಂಗಡಿಗರು 2011ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಮರುವರ್ಷ ಲಂಡನ್ನಿನ ರಾಬಿನ್ ಕಾರ್‌ಹಾರ್ಟ್-ಹ್ಯಾರಿಸ್ ಮತ್ತು ಸಂಗಡಿಗರು, ಸಿಲೋಸೈಬಿನ್ ಕೊಟ್ಟಾಗಲೂ ಹೆಚ್ಚುಕಡಮೆ ಅವೇ ಭಾಗಗಳ ರಕ್ತಸಂಚಾರ ಕುಗ್ಗುವುದನ್ನು ಕಂಡರು. ಅಹಂಕಾರದ ಗಂಟು ಸಡಿಲುವುದು ಎರಡೂ ಕಡೆ ನಿಜವಿರಬಹುದು. ಒಬ್ಬನು ಅದನ್ನು ಎಷ್ಟೋ ದಿನ ಕುಳಿತು ತಾನೇ ಬಿಚ್ಚುತ್ತಾನೆ, ಇನ್ನೊಬ್ಬನಿಗೆ ರಾಸಾಯನಿಕವು ಬಿಚ್ಚಿ, ಕೆಲವು ಗಂಟೆಗಳಲ್ಲಿ ಮತ್ತೆ ಕಟ್ಟಿ ಹೋಗುತ್ತದೆ. ಬಿಚ್ಚುವ ಬಗೆಯನ್ನು ಕಲಿಸುವುದಿಲ್ಲ.

ಅಪಾಯದ ಲೆಕ್ಕವೂ ಸಮನಾದದ್ದಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಗ್ರಿಫಿತ್ಸರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರಿಸಿ ತೆಗೆದ 36 ಮಂದಿಗೆ, ಮೆತ್ತನೆಯ ಕೋಣೆಯಲ್ಲಿ, ಪಕ್ಕದಲ್ಲಿ ನುರಿತ ಕಾವಲಿನವರಿರುವಾಗ ಸಿಲೋಸೈಬಿನ್ ಕೊಟ್ಟರು. ಬಹುಮಂದಿ ಅದನ್ನು ತಮ್ಮ ಬಾಳಿನ ಅತ್ಯಂತ ಅರ್ಥಪೂರ್ಣವಾದ ಅನುಭವಗಳಲ್ಲಿ ಒಂದೆಂದರು. ಅಷ್ಟು ಎಚ್ಚರಿಕೆಯಿದ್ದೂ 11 ಮಂದಿ ತೀವ್ರವಾದ ಭಯವನ್ನು ಅನುಭವಿಸಿದರು. ಕಾವಲಿಲ್ಲದ ಕಡೆ ಎಲ್‌ಎಸ್‌ಡಿಯೆಂದು ಮಾರಿದ ಕಾಗದದಲ್ಲಿ ಎನ್‌ಬೋಮ್‌ನಂಥ ಬೇರೆ ವಿಷಗಳಿದ್ದು ಪ್ರಾಣಹಾನಿಯಾದ ಪ್ರಸಂಗಗಳು ಹೊರದೇಶಗಳ ವೈದ್ಯಕೀಯ ದಾಖಲೆಗಳಲ್ಲಿವೆ. ವಂಶದಲ್ಲಿ ಚಿತ್ತವಿಕಲತೆಯಿರುವವರಿಗೆ ಇವು ಸಲ್ಲವೇ ಸಲ್ಲವು. ಕಾನೂನೂ ಸದಯವಾದದ್ದಲ್ಲ: ಎಲ್‌ಎಸ್‌ಡಿಯ ಮಟ್ಟಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲೇ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ ಹತ್ತು ವರ್ಷಗಳ ಸೆರೆ. ಹಾಗೆಂದು ಧ್ಯಾನ ಎಲ್ಲರಿಗೂ ನಿರಪಾಯವೆನ್ನುವುದೂ ತಪ್ಪು. ದೀರ್ಘ ಶಿಬಿರಗಳಲ್ಲಿ ಮನಸ್ಸು ಕೆಟ್ಟವರ ವಿಷಯವೂ ವೈದ್ಯಗ್ರಂಥಗಳಲ್ಲಿ ಉಂಟು. ವಿಪಶ್ಯನಾ ಶಿಬಿರದ ಅರ್ಜಿಯಲ್ಲಿ ಹಿಂದಿನ ಮಾನಸಿಕ ಕಾಯಿಲೆ, ಔಷಧ, ಮಾದಕವಸ್ತುಗಳ ವಿವರವನ್ನು ಕೇಳುವುದು ಅದಕ್ಕಾಗಿಯೇ, ಮತ್ತು ಅಲ್ಲಿ ಸತ್ಯವನ್ನು ಬರೆಯುವುದು ಅರ್ಜಿದಾರನಿಗೇ ಕ್ಷೇಮ.

ಎರಡು ಮಾರ್ಗಗಳನ್ನೂ ಒಂದೇ ಸೂರಿನಡಿ ಇರಿಸಿ ನೋಡಿದವರು ಜ್ಯೂರಿಚ್ ನಗರದ ಸಂಶೋಧಕರು. 2019ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಮೊದಲೇ ಧ್ಯಾನದಲ್ಲಿ ಪಳಗಿದ 39 ಮಂದಿಯನ್ನು ಐದು ದಿನಗಳ ಝೆನ್ ಶಿಬಿರದಲ್ಲಿ ಕುಳ್ಳಿರಿಸಿ, ನಾಲ್ಕನೆಯ ದಿನ ಕೆಲವರಿಗೆ ಸಿಲೋಸೈಬಿನ್ನನ್ನೂ ಉಳಿದವರಿಗೆ ಹುಸಿ ಗುಳಿಗೆಯನ್ನೂ, ಯಾರಿಗೆ ಯಾವುದೆಂಬುದು ಕೊಟ್ಟವರಿಗೂ ತಿಳಿಯದಂತೆ ಕೊಟ್ಟರು. ದ್ರವ್ಯ ಪಡೆದವರ ಧ್ಯಾನ ಹೆಚ್ಚು ಆಳವಾಯಿತು, ಅದರ ಜೊತೆಗೆ ಅಂಜಿಕೆ ಹುಟ್ಟಲಿಲ್ಲ, ನಾಲ್ಕು ತಿಂಗಳ ಮೇಲೂ ಅವರ ನಡವಳಿಕೆಯಲ್ಲಿ ಒಳ್ಳೆಯ ಮಾರ್ಪಾಡುಗಳು ಉಳಿದಿದ್ದುವು. ಔಷಧಿಯ ಪಕ್ಷದವರು ಇದನ್ನು ತಮ್ಮ ಜಯವೆಂದು ಸಾರುತ್ತಾರೆ. ಆದರೆ ಮದ್ದು ಬಿದ್ದದ್ದು ವರ್ಷಗಟ್ಟಲೆ ಹದಗೊಂಡ ಮನಸ್ಸಿನ ಮೇಲೆ, ಮೂರು ದಿನಗಳ ಮೌನದ ಅನಂತರ, ವೈದ್ಯರ ಸಮಕ್ಷಮದಲ್ಲಿ ಎಂಬುದನ್ನು ಅವರು ಮೆಲ್ಲಗೆ ನುಂಗಿಬಿಡುತ್ತಾರೆ. ನಮ್ಮ ಶಾಸನದಲ್ಲಿಯೂ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ಅನುಮತಿಯ ಬಾಗಿಲೊಂದಿದೆ. ಗೋವಿಂದಸ್ವಾಮಿಯವರಂತೆ ಸೂತ್ರವನ್ನೂ ಯಂತ್ರವನ್ನೂ ಬಲ್ಲವರೊಬ್ಬರು ಹೊಸೂರು ರಸ್ತೆಯಲ್ಲಿ ಅದನ್ನು ತಟ್ಟುವುದಾದರೆ, ಪರೀಕ್ಷೆಗೆ ಕುಳ್ಳಿರಿಸುವುದಕ್ಕೆ ಪಳಗಿದ ಧ್ಯಾನಿಗಳ ಕೊರತೆಯಂತೂ ಈ ಸೀಮೆಯಲ್ಲಿ ಆಗಲಾರದು.